ಬೇಸಿಗೆಗೆ ಮನೆಯಲ್ಲೇ ಹಣ್ಣಿನ ಐಸ್‌ಕ್ಯಾಂಡಿ



ಏಪ್ರಿಲ್ ತಿಂಗಳು ಬಂತೆಂದರೆ ನಮ್ಮಂಥ ಹೊರನಾಡ ಕನ್ನಡಿಗರ ಮನೆಗಳಲ್ಲಿ ಎರಡೇ ಮಾತು. ಒಂದು, ಊರಿಗೆ ಹೋಗಲು ರೈಲಿನ ಟಿಕೆಟ್ ಸಿಕ್ಕಿತೇ? ಎರಡನೆಯದು, ಅಬ್ಬಾ, ಎಂಥಾ ಸೆಕೆ! ಮುಂಬಯಿಯವರದು ಬೆವರಿನ ಸೆಕೆ, ದೆಹಲಿಯವರದು ಕೆಂಡದ ಗಾಳಿ, ಚೆನ್ನೈಯವರಿಗೆ ಕತ್ತರಿ ಬಿಸಿಲು. ಹೈದರಾಬಾದು, ಪುಣೆಯವರು ಸಂಜೆಯ ಗಾಳಿಯನ್ನು ನೆನೆದು ಸ್ವಲ್ಪ ಸಮಾಧಾನಪಟ್ಟುಕೊಳ್ಳಬಹುದು. ಇಷ್ಟರ ನಡುವೆ ಮಧ್ಯಾಹ್ನ ಮೂರು ಗಂಟೆಗೆ ರಜೆಯ ಮಕ್ಕಳು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮಾ, ತಣ್ಣಗೆ ಏನಾದರೂ ಕೊಡು" ಎನ್ನುತ್ತಾರೆ. ಇಂದಿನ ನನ್ನ ಮಾತು ಆ ಮೂರು ಗಂಟೆಯ ಪ್ರಶ್ನೆಗೆ.

ಹಣ್ಣಿನಿಂದ ಮನೆಯಲ್ಲೇ ಐಸ್‌ಕ್ಯಾಂಡಿ, ಕುಲ್ಫಿ ಮಾಡಿಕೊಳ್ಳುವ ವಿಷಯ ಇದು. "ಇದರಲ್ಲೇನಿದೆ, ರಸ ಹಿಂಡಿ ಫ್ರೀಜರಿನಲ್ಲಿ ಇಟ್ಟರಾಯಿತು" ಎನ್ನುತ್ತೀರಾ? ನಾನೂ ಹಾಗೆಯೇ ಅಂದುಕೊಂಡಿದ್ದೆ. ಇಟ್ಟು ನೋಡಿದಾಗ ಗೊತ್ತಾಯಿತು, ಅದು ಕ್ಯಾಂಡಿಯಾಗದೆ ಕಲ್ಲಾಗುತ್ತದೆ ಎಂದು.

ನಾನು ಈ ಕೆಲಸಕ್ಕೆ ಕೈಹಾಕಿದ್ದು ಸಂತೋಷದಿಂದಲ್ಲ. 2011ರ ಮೇ ತಿಂಗಳು. ನನ್ನ ಮಗನಿಗೆ ಆಗ ಒಂಬತ್ತು ವರ್ಷ. ಶಾಲೆಯ ಪರೀಕ್ಷೆ ಮುಗಿದ ಖುಷಿಯಲ್ಲಿ ಗೆಳೆಯರ ಜತೆ ದಿನಾ ಸಂಜೆ ಬೀದಿಬದಿಯ ಬರ್ಫ್ ಗೋಲಾ. ಕಾಲಾ ಖಟ್ಟಾ ತಿಂದು ನಾಲಿಗೆ ನೇರಳೆ ಮಾಡಿಕೊಂಡು ಬರುತ್ತಿದ್ದ. ಮೂರು ವಾರ ಕಳೆದ ಮೇಲೆ ಜ್ವರ, ವಾಂತಿ, ಊಟ ಸೇರುವುದಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ಕಿಟಕಿಯ ಬೆಳಕಿನಲ್ಲಿ ನೋಡುತ್ತೇನೆ, ಹುಡುಗನ ಕಣ್ಣು ಹಳದಿ. ಕಾಮಾಲೆ! ಹೆಪಟೈಟಿಸ್ ಎ ಎಂದು ರಕ್ತಪರೀಕ್ಷೆಯಲ್ಲಿ ತಿಳಿಯಿತು. ಊರಿನ ಟಿಕೆಟ್ ರದ್ದಾಯಿತು. ಅತ್ತ ಕುಂದಾಪುರದಲ್ಲಿ ಅಜ್ಜಿ ಮೊಮ್ಮಗನಿಗಾಗಿ ಮಾವಿನಹಣ್ಣು ಹುಲ್ಲಿನಲ್ಲಿ ಹಾಕಿಟ್ಟು ಕಾಯುತ್ತಿದ್ದವರು, ಫೋನಿನಲ್ಲಿ ಅತ್ತುಬಿಟ್ಟರು.

ಗೋಲಾದಿಂದಲೇ ಬಂತೇ ಎಂದು ನಾನು ಡಾಕ್ಟರರನ್ನು ಕೇಳಿದೆ. ಅವರು ಹೇಳಿದ್ದು ನ್ಯಾಯವಾದ ಮಾತು: "ಹೇಳಲಿಕ್ಕೆ ಬರುವುದಿಲ್ಲಮ್ಮ. ಈ ರೋಗಾಣು ಹೊಟ್ಟೆ ಸೇರಿದ ಮೇಲೆ ಎರಡು ವಾರಕ್ಕೂ ಕಾಣಿಸಿಕೊಳ್ಳಬಹುದು, ಆರೇಳು ವಾರಕ್ಕೂ ಕಾಣಿಸಿಕೊಳ್ಳಬಹುದು. ಅಷ್ಟರಲ್ಲಿ ಹುಡುಗ ಎಲ್ಲೆಲ್ಲಿ ಏನೇನು ಕುಡಿದಿದ್ದಾನೋ ಯಾರಿಗೆ ಗೊತ್ತು?" ಹಾಗಾಗಿ ಗೋಲಾದವನ ಮೇಲೆ ಆರೋಪ ಹೊರಿಸಲು ನಾನು ಇಲ್ಲಿ ಕುಳಿತಿಲ್ಲ. ಆದರೆ ಅಂದು ಒಂದು ವಿಷಯ ನನಗೆ ಮೊದಲ ಸಲ ತಿಳಿಯಿತು. ನೀರು ಹೆಪ್ಪುಗಟ್ಟಿದರೆ ಅದರಲ್ಲಿನ ಕ್ರಿಮಿ ಸತ್ತುಹೋಗುತ್ತದೆ ಎಂದು ನಾನು ನಂಬಿದ್ದೆ. ನಿಮ್ಮಲ್ಲಿ ಎಷ್ಟೋ ಜನ ಈಗಲೂ ನಂಬಿರಬಹುದು. ಅದು ತಪ್ಪು. ಚಳಿಯಲ್ಲಿ ಕ್ರಿಮಿಗಳು ನಿದ್ದೆ ಹೋಗುತ್ತವೆ ಅಷ್ಟೆ, ನಮ್ಮ ಹೊಟ್ಟೆಯ ಬೆಚ್ಚಗಿನಲ್ಲಿ ಮತ್ತೆ ಏಳುತ್ತವೆ. ಹೆಪಟೈಟಿಸ್ ಎ ವೈರಸ್ಸಂತೂ ಫ್ರೀಜರಿನಲ್ಲಿ ಆರಾಮವಾಗಿ ಉಳಿಯುತ್ತದೆ. ಟೈಫಾಯ್ಡಿನ ಕ್ರಿಮಿಯೂ ಐಸಿನಲ್ಲಿ ವಾರಗಟ್ಟಲೆ ಬದುಕಬಲ್ಲದು. ಇವನ್ನು ಕೊಲ್ಲುವುದು ಕುದಿಯುವ ನೀರು, ಐಸಲ್ಲ.

ಇನ್ನೊಂದು ಸಂಗತಿ. ಮಂಜುಗಡ್ಡೆಯ ಕಾರ್ಖಾನೆಗಳಲ್ಲಿ ಎರಡು ಬಗೆಯ ಐಸು ತಯಾರಾಗುತ್ತದೆ: ತಿನ್ನಲು ಒಂದು, ಮೀನು ಮುಂತಾದವನ್ನು ಕೆಡದಂತೆ ಇಡಲು ಇನ್ನೊಂದು. ಎರಡೂ ನೋಡಲು ಒಂದೇ ತರಹ ಬೆಳ್ಳಗೆ. ಎರಡನೆಯದು ಮೊದಲನೆಯದರ ಜಾಗಕ್ಕೆ ಬಂದುಬಿಟ್ಟರೆ ಯಾರಿಗೂ ತಿಳಿಯದು. ಆದ್ದರಿಂದಲೇ 2018ರಲ್ಲಿ ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತ ಇಲಾಖೆ, ತಿನ್ನಲು ಯೋಗ್ಯವಲ್ಲದ ಐಸಿಗೆ ನೀಲಿ ಬಣ್ಣ ಹಾಕಬೇಕು ಎಂದು ಕಡ್ಡಾಯ ಮಾಡಿತು. ಕಬ್ಬಿನ ಹಾಲಿನ ಅಂಗಡಿಯಲ್ಲೋ ಗೋಲಾದ ಗಾಡಿಯಲ್ಲೋ ನೀಲಿ ಛಾಯೆಯ ಐಸು ಕಂಡರೆ ಸುಮ್ಮನೆ ಮುಂದೆ ನಡೆಯಿರಿ. ಬಿಳಿಯದು ಕಂಡರೆ? ಎಲ್ಲಿಂದ ತಂದಿರಿ ಎಂದು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಒಳ್ಳೆಯ ವ್ಯಾಪಾರಿ ಸಿಟ್ಟಾಗುವುದಿಲ್ಲ.

ಇರಲಿ, ಮಗನ ವಿಷಯಕ್ಕೆ ಬರುತ್ತೇನೆ. ವಾಂತಿ ನಿಂತ ಮೇಲೂ ಅವನಿಗೆ ಅನ್ನ ಕಂಡರೆ ಆಗದು. ಏನು ಬೇಕಪ್ಪಾ ಎಂದರೆ, ಕೇಳಿದ್ದು ಏನು ಗೊತ್ತೇ? ಗೋಲಾ! ಡಾಕ್ಟರು ನಕ್ಕು, "ನೀರು ಚೆನ್ನಾಗಿ ಕುದಿಸಿ ಮನೆಯಲ್ಲಿ ಮಾಡಿಕೊಡಿ, ತಿನ್ನಲಿ" ಎಂದರು. ಮನೆಯಲ್ಲಿದ್ದದ್ದು ಊರಿಂದ ತಂದ ಒಣಗಿದ ಪುನರ್ಪುಳಿ ಸಿಪ್ಪೆ. ಅದರ ರಸ ತೆಗೆದು, ಕಾಯಿಲೆಯ ಹುಡುಗನಿಗೆ ಸಕ್ಕರೆ ಯಾಕೆ ಜಾಸ್ತಿ ಎಂದು ಚಿಟಿಕೆಯಷ್ಟು ಹಾಕಿ, ಸ್ಟೀಲ್ ಲೋಟದಲ್ಲಿ ಸುರಿದು, ಚಮಚ ನಿಲ್ಲಿಸಿ ಫ್ರೀಜರಿನಲ್ಲಿಟ್ಟೆ. ಬೆಳಗ್ಗೆ ತೆಗೆದರೆ ಮಸಾಲೆ ಅರೆಯುವ ಗುಂಡುಕಲ್ಲಿನ ಹಾಗೆ ಗಟ್ಟಿ. ಹುಡುಗ ನಾಲ್ಕು ಸಲ ಹೀರಿದ. ಬಣ್ಣವೆಲ್ಲ ಅವನ ಬಾಯಿಗೆ ಹೋಯಿತು, ಚಮಚದ ಸುತ್ತ ಬೆಳ್ಳಗಿನ ಗಡ್ಡೆ ಉಳಿಯಿತು. "ಅಮ್ಮಾ, ಇದು ಬರೀ ಐಸು" ಎಂದು ಹಿಂದಕ್ಕೆ ಕೊಟ್ಟ.

ಯಾಕೆ ಹೀಗಾಯಿತು? ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದೊಂದು ತಿಳಿದರೆ ಯಾವ ಹಣ್ಣು ಕೊಟ್ಟರೂ ನೀವೇ ಅಳತೆ ಕಂಡುಹಿಡಿಯಬಹುದು.

ಬರಿಯ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಅದರಲ್ಲಿ ಸಕ್ಕರೆಯೋ ಉಪ್ಪೋ ಕರಗಿದ್ದರೆ ಇನ್ನೂ ಹೆಚ್ಚು ಚಳಿ ಬೇಕು. ಹಣ್ಣಿನ ರಸವನ್ನು ಫ್ರೀಜರಿನಲ್ಲಿಟ್ಟಾಗ ಮೊದಲು ಅದರಲ್ಲಿನ ನೀರಿನಂಶ ಮಾತ್ರ ಹರಳುಗಟ್ಟಲು ಶುರುವಾಗುತ್ತದೆ. ನೀರು ಹರಳಾಗುತ್ತ ಹೋದಂತೆ ಉಳಿದ ರಸ ಇನ್ನಷ್ಟು ಸಿಹಿ, ಇನ್ನಷ್ಟು ಮಂದವಾಗುತ್ತದೆ. ಆ ಮಂದ ಪಾಕ ಸುಲಭಕ್ಕೆ ಹೆಪ್ಪುಗಟ್ಟದೆ ಹರಳುಗಳ ಸಂದಿಯಲ್ಲಿ ನಿಂತುಕೊಳ್ಳುತ್ತದೆ. ಕ್ಯಾಂಡಿ ಕಚ್ಚಿದಾಗ ಹಲ್ಲಿಗೆ ಮೆತ್ತಗೆ ಸಿಗುವುದು ಇದರಿಂದಲೇ. ಸಕ್ಕರೆ ಕಡಿಮೆಯಾದರೆ ಪಾಕವೂ ಕಡಿಮೆ, ಕ್ಯಾಂಡಿ ಕಲ್ಲು. ಸಕ್ಕರೆ ವಿಪರೀತವಾದರೆ ಗಟ್ಟಿಯಾಗುವುದೇ ಇಲ್ಲ, ಲೋಟದಲ್ಲಿ ಗೊಜ್ಜಿನಂತೆ ಕುಳಿತಿರುತ್ತದೆ. ನನ್ನ ಅನುಭವದಲ್ಲಿ ಹಣ್ಣಿನ ಸ್ವಂತ ಸಿಹಿಯೂ ಸೇರಿ 100 ಗ್ರಾಂ ಮಿಶ್ರಣಕ್ಕೆ 15ರಿಂದ 18 ಗ್ರಾಂ ಸಕ್ಕರೆ ಇದ್ದರೆ ಸರಿಯಾಗಿ ಕೂಡುತ್ತದೆ. ತಕ್ಕಡಿ ಬೇಡ. ನಾಲಿಗೆಯ ಲೆಕ್ಕ ಹೀಗೆ: ಹೊರಗಿರುವಾಗ ರುಚಿ ನೋಡಿದರೆ "ಅಯ್ಯೋ, ಒಂದು ಚೂರು ಸಿಹಿ ಹೆಚ್ಚಾಯಿತೇನೋ" ಎನಿಸಬೇಕು. ತಣ್ಣಗಾದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಕರಗಿದ ಐಸ್‌ಕ್ರೀಮು ಕುಡಿದವರಿಗೆ ಅದು ಎಷ್ಟು ಸಿಹಿ ಎನ್ನುವುದು ಗೊತ್ತಿರುತ್ತದೆ.

ಹರಳು ಎಷ್ಟು ಸಣ್ಣದೋ ಕ್ಯಾಂಡಿ ಅಷ್ಟು ನಯ. ಬೇಗ ಹೆಪ್ಪುಗಟ್ಟಿದರೆ ಸಣ್ಣ ಹರಳು, ನಿಧಾನವಾದರೆ ದೊಡ್ಡ ಹರಳು. ಆದ್ದರಿಂದ ಬೆಚ್ಚಗಿನ ರಸವನ್ನು ನೇರ ಫ್ರೀಜರಿಗೆ ತಳ್ಳಬೇಡಿ. ಮೊದಲು ಎರಡು ಗಂಟೆ ಫ್ರಿಜ್ಜಿನ ಕೆಳಗಿನ ಭಾಗದಲ್ಲಿಟ್ಟು ಚೆನ್ನಾಗಿ ತಣ್ಣಗೆ ಮಾಡಿ. ಲೋಹದ ಪಾತ್ರೆ ಪ್ಲಾಸ್ಟಿಕ್‌ಗಿಂತ ಬೇಗ ಚಳಿ ಎಳೆದುಕೊಳ್ಳುತ್ತದೆ. ಹಾಗಾಗಿ ನಮ್ಮ ಕಾಫಿ ಕುಡಿಯುವ ಚಿಕ್ಕ ಸ್ಟೀಲ್ ಲೋಟಕ್ಕಿಂತ ಒಳ್ಳೆಯ ಅಚ್ಚು ಅಂಗಡಿಯಲ್ಲೂ ಸಿಗದು. ಒಂದೇ ಬಾಗಿಲಿನ ಹಳೆಯ ಫ್ರಿಜ್ಜಿನಲ್ಲಿ ಮೇಲಿನ ಪೆಟ್ಟಿಗೆ ಎರಡು ಬಾಗಿಲಿನದ್ದರಷ್ಟು ತಣ್ಣಗಿರುವುದಿಲ್ಲ. ಅಂಥವರು ರಾತ್ರಿ ಮಲಗುವ ಮೊದಲು ಗುಂಡಿಯನ್ನು ಅತಿ ತಣ್ಣಗಿನ ಅಂಕೆಗೆ ತಿರುಗಿಸಿ ಇಟ್ಟುಬಿಡಿ. ರಾತ್ರಿ ಬಾಗಿಲು ಪದೇ ಪದೇ ತೆರೆಯುವವರು ಯಾರೂ ಇರುವುದಿಲ್ಲವಲ್ಲ! ಎಂಟು ಗಂಟೆಯಲ್ಲಿ ಕೆಲಸ ಆಗಿರುತ್ತದೆ.

ಲೋಟವನ್ನು ಕಂಠಮಟ್ಟ ತುಂಬಬೇಡಿ. ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ, ಬೆರಳಗಲ ಜಾಗ ಬಿಡಿ. ಗಾಜಿನ ಬಾಟಲಿಯಂತೂ ಕೂಡದು, ಒಡೆದು ಚೂರು ಸೇರಿಕೊಂಡರೆ ಗತಿ ಏನು? ಕಡ್ಡಿ ನೆಟ್ಟಗೆ ನಿಲ್ಲುವುದಿಲ್ಲ ಎಂದು ಬಹಳ ಜನ ಹೇಳುತ್ತಾರೆ. ಎರಡು ಉಪಾಯ ಇವೆ. ಒಂದೂವರೆ ಗಂಟೆ ಬಿಟ್ಟು, ರಸ ಅರೆಗಟ್ಟಿಯಾದಾಗ ಕಡ್ಡಿ ನೆಡಿ. ಇಲ್ಲವೇ ಲೋಟದ ಬಾಯಿಗೆ ಅಲ್ಯೂಮಿನಿಯಂ ಹಾಳೆ ಕಟ್ಟಿ ನಡುವೆ ಸೀಳಿ ಅದರಲ್ಲಿ ಕಡ್ಡಿ ತೂರಿಸಿ. ಎರಡನೆಯದರಿಂದ ಇನ್ನೊಂದು ಲಾಭವಿದೆ, ವಾಸನೆ ಹಿಡಿಯುವುದಿಲ್ಲ. ನಮ್ಮ ಕರಾವಳಿಯವರ ಫ್ರೀಜರಿನಲ್ಲಿ ಬಂಗುಡೆಯ ಪೊಟ್ಟಣ ಇಲ್ಲದಿರುವ ದಿನ ಯಾವುದು ಹೇಳಿ! ಮುಚ್ಚದೆ ಇಟ್ಟ ಮಾವಿನ ಕುಲ್ಫಿಗೆ ಬಂಗುಡೆಯ ಪರಿಮಳ ಬಂದು, ಮನೆಗೆ ಬಂದ ಸಸ್ಯಾಹಾರಿ ನೆಂಟರ ಮುಂದೆ ನಾನು ಪಟ್ಟ ಪಾಡು ನಿಮಗೆ ಬೇಡ. ಕಡ್ಡಿಯನ್ನು ಕ್ರಾಫ್ಟ್ ಸಾಮಾನಿನ ಬಣ್ಣದ ಕಡ್ಡಿಗಳಿಂದ ಆರಿಸಬೇಡಿ, ಬಣ್ಣ ಬಾಯಿಗೆ ಹೋಗುತ್ತದೆ. ಏನೂ ಸಿಗದಿದ್ದರೆ ಚಮಚವೇ ಸಾಕು.

ಈಗ ಆ ಪುನರ್ಪುಳಿ. ಘಟ್ಟದ ಮೇಲಿನವರು ಮುರುಗಲು ಎನ್ನುತ್ತೀರಿ, ಮುಂಬಯಿಯ ಅಂಗಡಿಯಲ್ಲಿ ಕೋಕಮ್, ಒಣಗಿದ್ದಕ್ಕೆ ಆಮಸೂಲ್. ಕೊಳ್ಳುವಾಗ ಉಪ್ಪು ಹಾಕಿದ್ದೋ ಹಾಕದ್ದೋ ಕೇಳಿ. ಸಾರಿಗೆ ಉಪ್ಪಿನದು ನಡೆಯುತ್ತದೆ, ಕ್ಯಾಂಡಿಗೆ ನಡೆಯದು. ಹನ್ನೆರಡು ಹದಿನೈದು ಸಿಪ್ಪೆಯನ್ನು ಎರಡು ಲೋಟ, ಅಂದರೆ ಅರ್ಧ ಲೀಟರ್, ಕುದಿಸಿದ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಹಾಕಿ. ಕಿವುಚಿ ಸೋಸಿ. ನೀರಿನ್ನೂ ಬೆಚ್ಚಗಿರುವಾಗಲೇ ಆರು ಟೇಬಲ್ ಚಮಚ ಸಕ್ಕರೆ ಕರಗಿಸಿ. ಚಿಟಿಕೆ ಉಪ್ಪು, ಹುರಿದು ಪುಡಿಮಾಡಿದ ಜೀರಿಗೆ ಕಾಲು ಟೀ ಚಮಚ. ತಣಿಸಿ ಲೋಟಕ್ಕೆ ಸುರಿಯಿರಿ. ಬೆಳಗ್ಗೆ ಲೋಟವನ್ನು ನಲ್ಲಿಯ ನೀರಿನಲ್ಲಿ ಹತ್ತು ಸೆಕೆಂಡು ಹಿಡಿದರೆ ಕ್ಯಾಂಡಿ ತಾನೇ ಜಾರಿ ಬರುತ್ತದೆ. ಬಣ್ಣ ನೋಡಬೇಕು, ಯಾವ ಸಿರಪ್ಪೂ ಅದರ ಮುಂದೆ ನಿಲ್ಲದು. ನನ್ನ ಮಗ ಎರಡನೆಯ ಸಲ ಮಾಡಿದ್ದನ್ನು ಚಪ್ಪರಿಸಿ ತಿಂದು, "ಇನ್ನೊಂದು ಇದೆಯಾ?" ಎಂದ. ಹತ್ತು ದಿನದಲ್ಲಿ ಅವನು ತಾನಾಗಿ ಬಾಯಿಬಿಟ್ಟು ಕೇಳಿದ ಮೊದಲ ತಿಂಡಿ ಅದು. ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ.

ಮಾವಿನಹಣ್ಣು ಈ ಕೆಲಸಕ್ಕೆಂದೇ ಹುಟ್ಟಿದ್ದು. ಅದರ ತಿರುಳಿನ ಮಂದತನವೇ ನೀರನ್ನು ಹಿಡಿದಿಟ್ಟುಕೊಂಡು ದೊಡ್ಡ ಹರಳಾಗಲು ಬಿಡುವುದಿಲ್ಲ. ದುಬಾರಿ ಆಪೂಸೇ ಬೇಕೆಂದಿಲ್ಲ. ನಿಜ ಹೇಳಬೇಕೆಂದರೆ ಒಳ್ಳೆಯ ಆಪೂಸನ್ನು ಕತ್ತರಿಸಿ ಹಾಗೆಯೇ ತಿನ್ನಬೇಕು, ಅದನ್ನು ಹೆಪ್ಪುಗಟ್ಟಿಸುವುದು ಅದಕ್ಕೆ ಮಾಡುವ ಅನ್ಯಾಯ. ಮುಂಬಯಿ ಪುಣೆಯವರು ಪಾಯರಿ ತನ್ನಿ, ರಸಕ್ಕೆ ಅದೇ ಚೆಂದ. ಹೈದರಾಬಾದಿನವರಿಗೆ ಬಂಗನಪಲ್ಲಿ ಇದ್ದೇ ಇದೆ. ದೆಹಲಿಯವರಿಗೆ ದಶೇರಿ, ಲಂಗಡಾ ಬರುವುದು ತಡ, ಜೂನಿನವರೆಗೆ ಕಾಯಬೇಕು. ಸ್ವಲ್ಪ ಹೆಚ್ಚು ಮಾಗಿ ಸಿಪ್ಪೆ ಸುಕ್ಕಾದ ಹಣ್ಣು ಮಾರುಕಟ್ಟೆಯಲ್ಲಿ ಸಂಜೆ ಕಡಿಮೆ ಬೆಲೆಗೆ ಸಿಗುತ್ತದೆ, ಕ್ಯಾಂಡಿಗೆ ಅದೇ ಒಳ್ಳೆಯದು. ಕೊಳೆತದ್ದಲ್ಲ, ಮಾಗಿದ್ದು. ಎರಡು ಲೋಟ ತಿರುಳಿಗೆ ಅರ್ಧ ಲೋಟ ಕಾಯಿಸಿ ಆರಿಸಿದ ಹಾಲು, ಮೂರು ಟೇಬಲ್ ಚಮಚ ಸಕ್ಕರೆ, ಒಂದು ಚಿಟಿಕೆ ಉಪ್ಪು. ಹಣ್ಣು ತುಂಬಾ ಸಿಹಿಯಾಗಿದ್ದರೆ ಸಕ್ಕರೆ ಇಳಿಸಿ. ನಾರು ಇದ್ದರೆ ಜರಡಿಯಲ್ಲಿ ಸೋಸಿ.

ಕುಲ್ಫಿ ಬೇಕೆನ್ನುವವರು ಒಂದು ಲೀಟರ್ ಗಟ್ಟಿ ಹಾಲನ್ನು ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿಟ್ಟು, ಕೈಯಾಡಿಸುತ್ತ ಅರ್ಧಕ್ಕೆ ಇಳಿಸಿ. ಮುಕ್ಕಾಲು ಗಂಟೆಯಾದರೂ ಬೇಕು. ಆ ಹೊತ್ತಿನಲ್ಲಿ ರೇಡಿಯೋ ಕೇಳಬಹುದು! ನಾಲ್ಕು ಟೇಬಲ್ ಚಮಚ ಸಕ್ಕರೆ, ಎರಡು ಏಲಕ್ಕಿ ಹಾಕಿ ಇಳಿಸಿ. ಪೂರ್ತಿ ತಣ್ಣಗಾದ ಮೇಲೆಯೇ ಒಂದು ಲೋಟ ಮಾವಿನ ತಿರುಳು ಸೇರಿಸಿ. ಬಿಸಿ ಹಾಲಿಗೆ ಹುಳಿಹಣ್ಣು ಬಿದ್ದರೆ ಒಡೆಯುತ್ತದೆ. ಹಾಲನ್ನು ಇಂಗಿಸುವುದು ರುಚಿಗೆ ಮಾತ್ರವಲ್ಲ, ನೀರು ಕಡಿಮೆಯಾದಷ್ಟೂ ಹರಳು ಕಡಿಮೆ. ಹಿಂದಿನವರು ಸಲಕರಣೆ ಇಲ್ಲದೆ ಕಂಡುಕೊಂಡ ಉಪಾಯ ಇದು.

ಹಿಂದಿನವರು ಎಂದಾಗ ನೆನಪಾಯಿತು. ಅಕ್ಬರನ ಕಾಲದಲ್ಲಿ ನೀರು ತಂಪಾಗಿಸಲು ಪೆಟ್ಲುಪ್ಪು ಬಳಸುತ್ತಿದ್ದರೆಂದು ಅಬುಲ್ ಫಜಲ್‌ನ ಆಯಿನ್-ಇ-ಅಕ್ಬರಿಯಲ್ಲಿದೆ. ಆಮೇಲೆ ಬಂದದ್ದು ಅಮೆರಿಕದ ಐಸು. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಅಲ್ಲಿನ ಕೆರೆಗಳಲ್ಲಿ ಚಳಿಗಾಲದಲ್ಲಿ ಕಟ್ಟಿದ ಮಂಜನ್ನು ಗರಗಸದಲ್ಲಿ ಕೊಯ್ದು, ಮರದ ಹೊಟ್ಟಿನಲ್ಲಿ ಹುಗಿದು, ಹಡಗಿನಲ್ಲಿ ನಾಲ್ಕು ತಿಂಗಳು ಪ್ರಯಾಣ ಮಾಡಿಸಿ 1833ರಲ್ಲಿ ಕೊಲ್ಕತ್ತಕ್ಕೆ ಮುಟ್ಟಿಸಿದ. ಹಾಗೆ ಬಂದ ಐಸನ್ನು ಇಡಲು ಕಟ್ಟಿದ ಮನೆ ಚೆನ್ನೈಯಲ್ಲಿ ಇನ್ನೂ ನಿಂತಿದೆ. ಮರೀನಾ ಕಡಲತೀರದ ಎದುರಿನ ಐಸ್ ಹೌಸ್, 1842ರದ್ದು. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದರಿಂದ ಈಗ ಅದು ವಿವೇಕಾನಂದರ್ ಇಲ್ಲಂ. ಚೆನ್ನೈಯ ಕೇಳುಗರು ಮುಂದಿನ ಸಲ ಆ ದಾರಿಯಲ್ಲಿ ಹೋಗುವಾಗ ಮಕ್ಕಳಿಗೆ ತೋರಿಸಿ. ಫ್ರೀಜರ್ ಇಲ್ಲದ ಕಾಲದಲ್ಲಿ ಒಂದು ತುಂಡು ಐಸಿಗಾಗಿ ಮನುಷ್ಯ ಪಟ್ಟ ಸಾಹಸ ಅದು.

ಮುಂಬಯಿಯವರಿಗೆ ಹೆಮ್ಮೆಪಡಲು ನಮ್ಮವರದೇ ಕಥೆಯೊಂದಿದೆ. ದಕ್ಷಿಣ ಕನ್ನಡದ ಮುಲ್ಕಿ ಕಡೆಯ ಹಣ್ಣಿನ ವ್ಯಾಪಾರಿಯೊಬ್ಬರ ಮಗ ರಘುನಂದನ ಕಾಮತರು 1984ರಲ್ಲಿ ಜುಹುವಿನಲ್ಲಿ ಪುಟ್ಟ ಅಂಗಡಿಯಲ್ಲಿ ಹಣ್ಣಿನ ಐಸ್‌ಕ್ರೀಮ್ ಮಾರಲು ಶುರುಮಾಡಿದರು. ಮೊದಮೊದಲು ಗಿರಾಕಿಗಳನ್ನು ಸೆಳೆಯಲು ಪಾವ್‌ಭಾಜಿಯನ್ನೂ ಇಟ್ಟಿದ್ದರಂತೆ. ಅದೇ ಇಂದಿನ ನ್ಯಾಚುರಲ್ಸ್. 2024ರ ಮೇ ತಿಂಗಳಲ್ಲಿ ಕಾಮತರು ತೀರಿಕೊಂಡರು. ಎಳನೀರಿನ ಐಸ್‌ಕ್ರೀಮು ಇಷ್ಟು ಹೆಸರಾದದ್ದು ಅವರಿಂದ. ಹಣ್ಣನ್ನು ಮುಟ್ಟಿ ನೋಡಿ ಇದು ಇಂದು ಆಗುತ್ತದೆ, ಇದು ನಾಳೆ ಎಂದು ಹೇಳುವ ವಿದ್ಯೆ ಯಂತ್ರದಿಂದ ಬರುವುದಿಲ್ಲ, ಬುಟ್ಟಿ ಇಟ್ಟುಕೊಂಡು ಕೂತವರ ಮನೆಯಲ್ಲಿ ಬೆಳೆದು ಬರಬೇಕು.

ಎಳನೀರನ್ನು ನಾವೂ ಮಾಡಬಹುದು. ಗಂಜಿ ಇರುವ ಬೊಂಡವನ್ನೇ ಕೇಳಿ ತನ್ನಿ. ಗಂಜಿಯನ್ನು ಅರ್ಧ ರುಬ್ಬಿ, ಅರ್ಧ ಚೂರು ಮಾಡಿ ನೀರಿಗೆ ಸೇರಿಸಿ. ಒಂದು ಬೊಂಡಕ್ಕೆ ಎರಡು ಟೇಬಲ್ ಚಮಚ ಸಕ್ಕರೆ ಸಾಕು. ಚೆನ್ನೈ, ಹೈದರಾಬಾದಿನಲ್ಲಿ ತಾಟಿನುಂಗು ಸಿಗುತ್ತದಲ್ಲ, ಅದರ ಚೂರನ್ನೂ ಇದರಲ್ಲೇ ಹಾಕಿ. ಬಾಯಿಗೆ ಸಿಕ್ಕಾಗ ಮಕ್ಕಳು ಕುಣಿಯುತ್ತಾರೆ.

ಕಲ್ಲಂಗಡಿ ಮೋಸದ ಹಣ್ಣು. ತಿನ್ನುವಾಗ ಸಿಹಿ, ಹೆಪ್ಪುಗಟ್ಟಿದರೆ ಸಪ್ಪೆ. ಅದರಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚು ನೀರೇ. ಮುಕ್ಕಾಲು ಲೀಟರ್ ರಸಕ್ಕೆ ಆರು ಟೇಬಲ್ ಚಮಚ ಸಕ್ಕರೆ, ಒಂದು ನಿಂಬೆಹಣ್ಣು, ಚಿಟಿಕೆ ಉಪ್ಪು ಹಾಕಲೇಬೇಕು. ಕತ್ತರಿಸುವ ಮೊದಲು ಹೊರಗಿನ ಸಿಪ್ಪೆಯನ್ನು ಚೆನ್ನಾಗಿ ತೊಳೆಯಿರಿ. ಸಿಪ್ಪೆ ತಿನ್ನುವುದಿಲ್ಲವಲ್ಲ ಎಂದು ಬಿಡಬೇಡಿ, ಹೊರಗಿನ ಕೊಳೆಯನ್ನು ಚಾಕುವೇ ಒಳಗೆ ತೆಗೆದುಕೊಂಡು ಹೋಗುತ್ತದೆ. ಅನಾನಸು, ಪರಂಗಿಯನ್ನು ಹಸಿಯಾಗಿ ಹಾಲಿಗೆ ಹಾಕಬಾರದು. ಅವುಗಳ ಕಿಣ್ವ ಹಾಲನ್ನು ಒಡೆದು ಕಹಿಮಾಡುತ್ತದೆ. ಅನಾನಸನ್ನು ಸಕ್ಕರೆಯ ಜತೆ ಐದು ಹತ್ತು ನಿಮಿಷ ಬೇಯಿಸಿ ಆರಿಸಿದರೆ ತೊಂದರೆ ಇಲ್ಲ. ಬಾಳೆಹಣ್ಣಿಗೆ ಸಕ್ಕರೆಯೂ ಬೇಡ, ಹಾಲೂ ಬೇಡ. ಕಪ್ಪು ಚುಕ್ಕೆ ಬಿದ್ದ ಹಣ್ಣನ್ನು ಬಿಲ್ಲೆ ಮಾಡಿ ನಾಲ್ಕು ಗಂಟೆ ಫ್ರೀಜರಿನಲ್ಲಿಟ್ಟು, ಹೊರತೆಗೆದು ಐದು ನಿಮಿಷ ಬಿಟ್ಟು ಮಿಕ್ಸಿಯಲ್ಲಿ ತಿರುಗಿಸಿ. ಮೊದಲು ಪುಡಿಪುಡಿಯಾಗುತ್ತದೆ, ಧೈರ್ಯಗೆಡದೆ ಇನ್ನೂ ತಿರುಗಿಸಿದರೆ ಬೆಣ್ಣೆಯಂತೆ ಬರುತ್ತದೆ. ಹಲಸಿನ ಹಣ್ಣನ್ನೂ ಒಮ್ಮೆ ಮಾಡಿ ನೋಡಿದೆ. ರುಚಿ ಚೆನ್ನಾಗಿತ್ತು, ಆದರೆ ಎರಡು ವಾರ ಫ್ರಿಜ್ಜಿನ ಹಾಲು, ಬೆಣ್ಣೆ, ಇಡ್ಲಿ ಹಿಟ್ಟಿಗೆಲ್ಲ ಹಲಸಿನದೇ ಘಮ. ಮನೆಯವರ ಒಪ್ಪಿಗೆ ಪಡೆದು ಮುಂದುವರಿಯಿರಿ. ದೆಹಲಿಯವರಿಗೆ ಬೇಸಿಗೆಯಲ್ಲಿ ಕೆಲವೇ ವಾರ ಸಿಗುವ ಫಾಲ್ಸಾ ಇದೆ. ಉಪ್ಪು ಸಕ್ಕರೆ ಹಾಕಿ ಕಿವುಚಿ ಸೋಸಿದರೆ ನಮ್ಮ ಪುನರ್ಪುಳಿಯ ತಂಗಿಯಂತೆ ಇರುತ್ತದೆ.

ಸಕ್ಕರೆ ಕಾಯಿಲೆ ಇರುವ ಹಿರಿಯರು ಪ್ರತಿ ಮನೆಯಲ್ಲೂ ಇದ್ದಾರೆ. "ಹಣ್ಣಿನದಲ್ಲವೇ, ಪರವಾಗಿಲ್ಲ" ಎಂದು ಅವರು ಎರಡು ಕ್ಯಾಂಡಿ ಮುಗಿಸಿಬಿಡುತ್ತಾರೆ. ಲೆಕ್ಕ ಹೇಳಿಬಿಡಿ: 60 ಮಿಲಿಲೀಟರಿನ ಪುಟ್ಟ ಕ್ಯಾಂಡಿಯೊಂದರಲ್ಲಿ ಸುಮಾರು 10 ಗ್ರಾಂ, ಅಂದರೆ ಎರಡು ಟೀ ಚಮಚ ಸಕ್ಕರೆ. ತಣ್ಣಗಾದ ಮಾತ್ರಕ್ಕೆ ಅದು ಕಡಿಮೆಯಾಗುವುದಿಲ್ಲ. ಅವರಿಗೆ ಬೇರೆ ದಾರಿ ಇದೆ. ಸಕ್ಕರೆ ಹಾಕದ ರಸವನ್ನೋ, ಶುಂಠಿ ಕರಿಬೇವು ಉಪ್ಪು ಹಾಕಿ ಸೋಸಿದ ನೀರು ಮಜ್ಜಿಗೆಯನ್ನೋ ಅಗಲ ತಟ್ಟೆಯಲ್ಲಿ ಅರ್ಧ ಅಂಗುಲ ಎತ್ತರಕ್ಕೆ ಸುರಿದು ಫ್ರೀಜರಿನಲ್ಲಿಡಿ. ಅರ್ಧ ಗಂಟೆಗೊಮ್ಮೆ ತೆಗೆದು ಫೋರ್ಕಿನಿಂದ ಹೆರೆಯಿರಿ. ನಾಲ್ಕೈದು ಸಲ ಹೆರೆದರೆ ಗೋಲಾದಂತೆ ಪುಡಿಪುಡಿ ಐಸು ಸಿದ್ಧ. ಸಕ್ಕರೆ ಇಲ್ಲದೆ ಕಲ್ಲಾಗುವ ತೊಂದರೆಯನ್ನು ಕೈಕೆಲಸದಿಂದ ದಾಟಿದ ಹಾಗಾಯಿತು. ನನ್ನ ಮಾವನವರಿಗೆ ಮಜ್ಜಿಗೆಯದು ಬಹಳ ಸೇರುತ್ತಿತ್ತು. "ಇದನ್ನು ಅನ್ನಕ್ಕೆ ಕಲಸಿಕೊಳ್ಳಬಹುದೇನೋ" ಎಂದು ತಮಾಷೆ ಮಾಡುತ್ತಿದ್ದರು.

ಚಿಕ್ಕ ಮಕ್ಕಳಿರುವವರಿಗೆ ಎರಡು ಮಾತು, ಇವನ್ನು ದಯವಿಟ್ಟು ನೆನಪಿಡಿ. ದ್ರಾಕ್ಷಿಯನ್ನು ಇಡಿಯಾಗಿ ಹೆಪ್ಪುಗಟ್ಟಿಸಿ ಕೊಡುವುದು ಈಗ ರೂಢಿಯಾಗಿದೆ. ದೊಡ್ಡವರಿಗೆ ಸರಿ. ಐದು ವರ್ಷದ ಒಳಗಿನ ಮಕ್ಕಳಿಗೆ ಅದು ಗೋಲಿಯಂತೆ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಉದ್ದಕ್ಕೆ ನಾಲ್ಕು ಹೋಳು ಮಾಡದೆ ಕೊಡಲೇಬೇಡಿ. ಎರಡನೆಯದು, ಸಕ್ಕರೆಯ ಬದಲು ಜೇನುತುಪ್ಪ ಹಾಕಿದ್ದರೆ ಒಂದು ವರ್ಷ ತುಂಬದ ಮಗುವಿಗೆ ಚಮಚದಷ್ಟೂ ನೆಕ್ಕಿಸಬಾರದು.

ಕರೆಂಟು ಹೋಗಿ ಕ್ಯಾಂಡಿ ಕರಗಿದರೆ ಏನು ಮಾಡುವುದು? ಹಾಲು ಹಾಕಿದ್ದು ಪೂರ್ತಿ ಕರಗಿ ಬೆಚ್ಚಗಾಗಿದ್ದರೆ ಮತ್ತೆ ಹೆಪ್ಪುಗಟ್ಟಿಸಬೇಡಿ, ಚೆಲ್ಲಿಬಿಡಿ. ಮನಸ್ಸು ಬರುವುದಿಲ್ಲ, ಗೊತ್ತು. ಆದರೂ ಚೆಲ್ಲಿ. ಹಾಲಿಲ್ಲದ ಹಣ್ಣಿನ ರಸವಾದರೆ ಇನ್ನೂ ತಣ್ಣಗಿರುವಾಗಲೇ ಕುಡಿದು ಮುಗಿಸಿ. ಮಾಡಿದ ದಿನವನ್ನು ಚೀಟಿಯಲ್ಲಿ ಬರೆದು ಅಂಟಿಸಿ, ಹಾಲಿನದನ್ನು ಒಂದು ವಾರದಲ್ಲಿ, ಹಣ್ಣಿನದನ್ನು ಮೂರು ವಾರದಲ್ಲಿ ಮುಗಿಸಿದರೆ ರುಚಿ ಉಳಿದಿರುತ್ತದೆ. ನಮ್ಮ ಮನೆಯಲ್ಲಂತೂ ಚೀಟಿ ಬರೆಯುವ ಪ್ರಮೇಯ ಬಂದಿಲ್ಲ.

ಮಗನಿಗೆ ಈಗ ಇಪ್ಪತ್ತು ದಾಟಿದೆ, ಕೆಲಸದ ಮೇಲೆ ಬೇರೆ ಊರಿನಲ್ಲಿದ್ದಾನೆ. ಮೊನ್ನೆ ಫೋನು ಮಾಡಿ, "ಅಮ್ಮಾ, ಪುನರ್ಪುಳಿಗೆ ಸಕ್ಕರೆ ಎಷ್ಟು ಚಮಚ ಹಾಕ್ತಿದ್ದೆ?" ಎಂದು ಕೇಳಿದ. ರೂಮಿನಲ್ಲಿ ಅಚ್ಚು ಇಲ್ಲವಂತೆ. ಸ್ಟೀಲ್ ಲೋಟ ಇದೆಯಲ್ಲ ಎಂದೆ.

ಅರ್ಧ ಲೀಟರಿಗೆ ಆರು ಟೇಬಲ್ ಚಮಚ. ಕುದಿಸಿದ ನೀರು. ನೀವೂ ಬರೆದುಕೊಳ್ಳಿ.